24 ಶೀಟ್ ಸೈಟ್ ಇನ್ವೆಂಟರಿ ಕೊಟ್ಟೆ, "ಸರಿ, ಅದಕ್ಕೇನೀಗ?" ಅಂದರು. ಎಲ್ಲಿ ತಪ್ಪಿದೆ?

ಹಸಿರುಗೆರೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಲ್ಯಾಂಡ್‌ಸ್ಕೇಪ್ ಆಫೀಸಿಗೆ ಸೇರಿ ಎಂಟು ತಿಂಗಳಾಯಿತು. ಒಂದು ಸೈಟಿನ ಇನ್ವೆಂಟರಿ (ಜಾಗದಲ್ಲಿ ಏನೇನಿದೆ ಅನ್ನುವ ದಾಖಲೆ) ಪೂರ್ತಿಯಾಗಿ ನನ್ನ ಕೈಗೆ ಬಂದಿದ್ದು ಇದೇ ಮೊದಲು. 120 ಮೀಟರ್ ಉದ್ದ, 70 ಮೀಟರ್ ಅಗಲ. ಹಿಂದೆ ಒಂದು ಕಟ್ಟಡ ಇತ್ತು, ಕೆಡವಿದ್ದಾರೆ. ಈಗ ಅಲ್ಲಿ ಪಾರ್ಕ್ ಆಗಬೇಕು. 31 ಮರಗಳಿವೆ. ಗೇಟಿನಿಂದ ಕೆಳಗಿನ ಮೂಲೆಗೆ 90 ಮೀಟರ್ ದೂರ, 6.3 ಮೀಟರ್ ಇಳಿತ.

ಮೂರು ವಾರ ಬಿಸಿಲಲ್ಲಿ ಸುತ್ತಿದೆ. ಕಾಂಟೂರ್ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ), ಮಣ್ಣು, ಮರ, ಗಾಳಿ, ಬಿಸಿಲು, ಪೈಪು, ಕಂಬ, ನೋಟ, ಸದ್ದು ಎಲ್ಲಕ್ಕೂ ಒಂದೊಂದು ಶೀಟ್. ಒಟ್ಟು 24. ಬಣ್ಣ ಹಚ್ಚಿ ಚೆನ್ನಾಗಿಯೇ ಮಾಡಿದ್ದೆ ಅಂದುಕೊಂಡಿದ್ದೆ. ನಮ್ಮ ಸೀನಿಯರ್ ಐದು ನಿಮಿಷ ತಿರುವಿ ಹಾಕಿದರು. ಮೊದಲ ಶೀಟಿನ ಮೇಲೆ ಕೆಂಪು ಪೆನ್ನಲ್ಲಿ "ಸರಿ, ಅದಕ್ಕೇನೀಗ?" ಅಂತ ಬರೆದು ವಾಪಸ್ ಕೊಟ್ಟರು. ಬೇರೆ ಒಂದು ಮಾತಿಲ್ಲ.

ಇನ್ವೆಂಟರಿ ಮತ್ತು ಅನಾಲಿಸಿಸ್ ಬೇರೆ ಬೇರೆ ಅಂತ ಕಾಲೇಜಿನಲ್ಲಿ ಓದಿದ್ದು ನೆನಪಿದೆ. ಆದರೆ ಕೈಯಲ್ಲಿ ಕಾಗದ ಹಿಡಿದಾಗ ಎಲ್ಲಿಂದ ಎಲ್ಲಿಗೆ ದಾಟಬೇಕು ಅಂತಲೇ ಗೊತ್ತಾಗುತ್ತಿಲ್ಲ. ಅನುಭವ ಇರುವವರು ಸ್ವಲ್ಪ ಹೇಳಿ.

ಚೈನ್‌ಮನ್

ನಿಮ್ಮ ಸೀನಿಯರ್ ಒಳ್ಳೆಯವರು. ನನ್ನ ಕಾಲದಲ್ಲಿ ಶೀಟನ್ನೇ ಹರಿದು ಹಾಕುತ್ತಿದ್ದರು.

ನೀವು ಬರೆದದ್ದರಲ್ಲೇ ಉತ್ತರ ಇದೆ ನೋಡಿ. 90 ಮೀಟರಿಗೆ 6.3 ಮೀಟರ್ ಇಳಿತ, ಅಂದರೆ 7 ಪರ್ಸೆಂಟ್ ಇಳಿಜಾರು. ಇದು ಇನ್ವೆಂಟರಿ. ಸುಮ್ನೆ ಒಂದು ಸಂಖ್ಯೆ. ಈಗ ಆ ಗೇಟಿನಿಂದ ಗಾಲಿಕುರ್ಚಿಯಲ್ಲಿ ಒಬ್ಬರು ಒಳಗೆ ಬರುತ್ತಾರೆ ಅಂದುಕೊಳ್ಳಿ. 20ಕ್ಕೆ 1ಕ್ಕಿಂತ, ಅಂದರೆ 20 ಮೀಟರ್ ದೂರಕ್ಕೆ 1 ಮೀಟರ್ ಇಳಿತಕ್ಕಿಂತ, ಕಡಿದಾದ ದಾರಿಯನ್ನು ಎಷ್ಟೋ ದೇಶಗಳ ನಿಯಮಗಳು ರಾಂಪ್ ಅಂತ ಲೆಕ್ಕ ಹಾಕುತ್ತವೆ. ಆಮೇಲೆ ಹಿಡಿಕಂಬಿ ಬೇಕು, ನಡುನಡುವೆ ನಿಲ್ಲಲು ಸಪಾಟು ಜಾಗ ಬೇಕು. ಅದೆಲ್ಲ ಬೇಡ, ಆರಾಮಾಗಿ ನಡೆಯುವ ದಾರಿ ಸಾಕು ಅಂದರೆ 6.3 ಮೀಟರ್ ಇಳಿಯಲು 126 ಮೀಟರ್ ದಾರಿ ಬೇಕು. ನಿಮ್ಮ ಹತ್ತಿರ ನೇರಕ್ಕೆ ಇರುವುದು 90. ಹಾಗಾಗಿ ದಾರಿ ನೇರ ಹೋಗುವ ಹಾಗಿಲ್ಲ, ಅಡ್ಡ ಹಾಯ್ದು ಬಳಸಿಕೊಂಡು ಹೋಗಬೇಕು. ಬಳಸಿ ಹೋದರೆ ಯಾವ ಮರಗಳ ಹತ್ತಿರ ಹೋಗುತ್ತದೆ? ಇದು ಅನಾಲಿಸಿಸ್.

ಅದು ಬಿಡಿ, ಲೆವೆಲ್ (ನೆಲದ ಎತ್ತರ) ತೆಗೆದಿರಲ್ಲ, ಟಿಬಿಎಂ, ಅಂದರೆ ಉಳಿದ ಎತ್ತರಗಳಿಗೆಲ್ಲ ಆಧಾರವಾಗುವ ತಾತ್ಕಾಲಿಕ ಬೆಂಚ್ ಮಾರ್ಕ್, ಎಲ್ಲಿ ಗುರುತು ಮಾಡಿದ್ದೀರಿ?

ಇಳಿಜಾರು

"ಇದೆ" ಅನ್ನುವುದು ಇನ್ವೆಂಟರಿ. "ಇದ್ದರೆ?" ಅನ್ನುವುದು ಅನಾಲಿಸಿಸ್. ಇಷ್ಟೇ.

ಮಣ್ಣುಹುಳು

ಇಷ್ಟೇ ಅಲ್ಲ ಮಾರಾಯ್ರೇ. ಚೈನ್‌ಮನ್ ಸರ್ ಹೇಳಿದ್ದಕ್ಕೆ ಅರ್ಧ ಒಪ್ಪುತ್ತೇನೆ, ಅರ್ಧಕ್ಕೆ ಜಗಳ ಇದೆ.

ಏನು ಕಟ್ಟಬೇಕು ಅಂತ ಮೊದಲೇ ತಲೆಯಲ್ಲಿ ಇಟ್ಟುಕೊಂಡು ಸೈಟಿಗೆ ಹೋದರೆ ಕಣ್ಣಿಗೆ ಅದೊಂದೇ ಕಾಣುತ್ತದೆ. ಆಟದ ಮೈದಾನ ಬೇಕು ಅಂದರೆ ಸಪಾಟು ಜಾಗ ಹುಡುಕುತ್ತೀರಿ. ಆ ಸಪಾಟು ಜಾಗ ಯಾಕೆ ಸಪಾಟಾಗಿದೆ ಅಂತ ಕೇಳುವುದೇ ಇಲ್ಲ. ಅಲ್ಲಿ ನೀರು ನಿಲ್ಲುತ್ತಿರಬಹುದು. ಯಾರೋ ಹಳ್ಳ ಮುಚ್ಚಿ ಮಣ್ಣು ತುಂಬಿರಬಹುದು. ನಾನಂತೂ ಮೊದಲ ಎರಡು ಭೇಟಿಗೆ ಕ್ಲೈಂಟ್ ಕೊಟ್ಟ ಪಟ್ಟಿಯನ್ನು ಓದದೆ ಹೋಗುತ್ತೇನೆ.

ಚೈನ್‌ಮನ್

ಓದದೆ ಹೋಗಿ ಏನು ಅಳೆಯುತ್ತೀರಿ? ಅಳೆಯಲು ಕೊನೆ ಇಲ್ಲ. ಪಾರ್ಕಿಂಗ್‌ ಮಾಡುವ ಜಾಗದಲ್ಲಿ ಮಣ್ಣಿನ ಸಾವಯವ ಅಂಶ ಅಳೆದು ಯಾರಿಗೆ ಉಪಯೋಗ? ಮೂರು ವಾರ ಇವರು ಸುತ್ತಿದ್ದು ಇದೇ ಕಾರಣಕ್ಕೆ.

ಮಣ್ಣುಹುಳು

ಪಾರ್ಕಿಂಗ್ ಅಲ್ಲೇ ಬರಬೇಕು ಅಂತ ಯಾರು ಹೇಳಿದ್ದು ಸರ್? ಅದೇ ನನ್ನ ಪ್ರಶ್ನೆ. ಆ ಸೈಟಿನಲ್ಲಿ ಇರುವ ಒಂದೇ ಒಂದು ಒಳ್ಳೆ ಮಣ್ಣಿನ ತುಂಡು ಅದೇ ಆಗಿದ್ದರೆ?

ನೆರಳುಬೆಳಕು

ಇಬ್ಬರೂ ಸರಿ. ಒಂದು ಸಲ ಖಾಲಿ ತಲೆಯಲ್ಲಿ ಹೋಗಬೇಕು, ಇನ್ನೊಂದು ಸಲ ಪ್ರಶ್ನೆ ಇಟ್ಟುಕೊಂಡು ಹೋಗಬೇಕು. ಜಾಸ್ತಿ ಜನ ಒಂದೇ ಸಲ ಹೋಗುತ್ತಾರೆ. ಅದೂ ಬೆಳಗ್ಗೆ ಹನ್ನೊಂದಕ್ಕೆ, ಮಳೆ ಇಲ್ಲದ ದಿನ.

ಹಸಿರುಗೆರೆ

ನಾನು ಏಳು ಸಲ ಹೋಗಿದ್ದೇನೆ. ಏಳೂ ಸಲ ಬೆಳಗ್ಗೆಯೇ, ಮಳೆ ಇಲ್ಲದ ದಿನವೇ. 🙈

ಚೈನ್‌ಮನ್ ಸರ್, ಟಿಬಿಎಂ ಗೇಟಿನ ಕಂಬದ ಬುಡದ ಕಲ್ಲಿನ ಮೇಲೆ. ಅದರ ಎತ್ತರ 100.000 ಮೀಟರ್ ಅಂತ ಇಟ್ಟುಕೊಂಡೆ. ಗಟ್ಟಿ ಕಲ್ಲು, ಅಲ್ಲಾಡುವುದಿಲ್ಲ.

ಆದರೆ ಎಲ್ಲ ಕಡೆ ಲೆವೆಲ್ ತೆಗೆದಿಲ್ಲ. ಗೇಟಿನ ಹತ್ತಿರ ಮತ್ತು ನಾಲ್ಕು ಮೂಲೆಗಳಲ್ಲಿ ತೆಗೆದೆ. ಉಳಿದ ಕಾಂಟೂರ್ ಡ್ರೋನ್ ಸರ್ವೆಯವರು ಕೊಟ್ಟಿದ್ದು, 1 ಮೀಟರ್ ಅಂತರದ್ದು.

ಚೈನ್‌ಮನ್

ಹಾ, ಬಂತು ಡ್ರೋನು.

ಡ್ರೋನಾಚಾರ್ಯ

ಯಾರೋ ಕರೆದ ಹಾಗಾಯಿತು.

ಚೈನ್‌ಮನ್ ಸರ್ ಇದಕ್ಕೆ ಮೂಗು ಮುರಿಯುತ್ತಾರೆ ಅಂತ ಗೊತ್ತು. ಆದರೆ ಬೈಗುಳ ಡ್ರೋನಿಗೆ ಸಲ್ಲಬೇಕಾದ್ದಲ್ಲ, ತಪ್ಪಾಗಿ ಬಳಸಿದವರಿಗೆ. ಫೋಟೊಗಳಿಂದ ಮಾಡುವ ಸರ್ವೆ ಕ್ಯಾಮೆರಾಗೆ ಕಂಡದ್ದನ್ನು ಮಾತ್ರ ಅಳೆಯುತ್ತದೆ. ಮರದ ಕೆಳಗಿನ ನೆಲ ಅದಕ್ಕೆ ಕಾಣುವುದಿಲ್ಲ, ಮರದ ತಲೆ ಕಾಣುತ್ತದೆ. ಮೊಣಕಾಲೆತ್ತರ ಹುಲ್ಲು ಇದ್ದರೆ ಹುಲ್ಲಿನ ತುದಿಯನ್ನೇ ನೆಲ ಅಂದುಕೊಳ್ಳುತ್ತದೆ. ಆಮೇಲೆ ಸಾಫ್ಟ್‌ವೇರ್ ಮರಗಳನ್ನು ಅಳಿಸಿ ಆ ತೂತಿಗೆ ಅಂದಾಜಿನಲ್ಲಿ ತೇಪೆ ಹಾಕುತ್ತದೆ. 31 ಮರ ಇರುವ ಕಡೆ ಕಾಂಟೂರ್ ನುಣ್ಣಗೆ, ಚೆಂದವಾಗಿ ಬಂದಿದ್ದರೆ ಅನುಮಾನ ಪಡಿ. ಅದು ತೇಪೆ.

ಲೈಡಾರ್ (ಲೇಸರ್ ಬೆಳಕು ಬಿಟ್ಟು ಅಳೆಯುವ ಸಾಧನ) ಆದರೆ ಎಲೆಗಳ ಸಂದಿಯಲ್ಲಿ ಸ್ವಲ್ಪ ನೆಲ ಮುಟ್ಟುತ್ತದೆ. ದಟ್ಟ ಪೊದೆ ಇದ್ದರೆ ಅದಕ್ಕೂ ಕಷ್ಟ.

ಇನ್ನೊಂದು ಮಾತು. "ಪಿಕ್ಸೆಲ್ 2 ಸೆಂಟಿಮೀಟರ್" ಅಂದರೆ "ನಿಖರತೆ 2 ಸೆಂಟಿಮೀಟರ್" ಅಂತಲ್ಲ. ನೆಲದ ಮೇಲೆ ಗುರುತು ಹಾಕಿ ಅಳೆದ ಕಂಟ್ರೋಲ್ ಪಾಯಿಂಟ್ ಎಷ್ಟಿತ್ತು, ಎಲ್ಲಿತ್ತು ಅಂತ ಕೇಳಿ.

ಹಸಿರುಗೆರೆ

ಕೇಳಿದೆ. "ಡ್ರೋನಿನಲ್ಲೇ ಜಿಪಿಎಸ್ ಇದೆ, ಬೇಕಾಗಿಲ್ಲ" ಅಂದಿದ್ದರಂತೆ. ಇನ್ನೊಂದು ವಿಚಿತ್ರ ಇದೆ. ಅವರು ಕೊಟ್ಟ ಎತ್ತರಕ್ಕೂ ಹಳೆ ನಕ್ಷೆಯಲ್ಲಿರುವ ಎತ್ತರಕ್ಕೂ ತುಂಬಾ ವ್ಯತ್ಯಾಸ. ಒಂದೆರಡು ಮೀಟರ್ ಅಲ್ಲ, ಎಷ್ಟೋ ಹತ್ತು ಮೀಟರ್.

ಡ್ರೋನಾಚಾರ್ಯ

ಅದು ತಪ್ಪಲ್ಲ, ಅದು ಎಲಿಪ್ಸಾಯ್ಡ್ ಎತ್ತರ. ಜಿಪಿಎಸ್‌ಗೆ ಸಮುದ್ರ ಮಟ್ಟ ಅಂದರೆ ಏನು ಅಂತ ತಾನಾಗಿ ಗೊತ್ತಿಲ್ಲ. ಅದು ಭೂಮಿಯನ್ನು ಒಂದು ನಯವಾದ ಮೊಟ್ಟೆ ಆಕಾರ ಅಂತ ಲೆಕ್ಕ ಹಾಕಿ, ಆ ಮೊಟ್ಟೆಯ ಮೇಲಿಂದ ಎತ್ತರ ಹೇಳುತ್ತದೆ. ನಕ್ಷೆಯಲ್ಲಿರುವುದು ಸಮುದ್ರ ಮಟ್ಟದಿಂದ, ಅಂದರೆ ಜಿಯಾಯ್ಡ್‌ನಿಂದ. ಎರಡರ ನಡುವಿನ ಅಂತರ ಊರೂರಿಗೆ ಬೇರೆ. ಹಿಂದೂ ಮಹಾಸಾಗರದಲ್ಲಿ, ಶ್ರೀಲಂಕಾದ ದಕ್ಷಿಣಕ್ಕೆ, ಜಿಯಾಯ್ಡ್ ಸುಮಾರು 106 ಮೀಟರ್ ಕೆಳಗಿದೆ. ಇಡೀ ಭೂಮಿಯಲ್ಲೇ ಅತಿ ತಗ್ಗು. ನ್ಯೂಗಿನಿಯ ಕಡೆ ಸುಮಾರು 85 ಮೀಟರ್ ಮೇಲಿದೆ.

ಸಣ್ಣ ಸೈಟಿನೊಳಗೆ ಆ ಅಂತರ ಹೆಚ್ಚುಕಡಿಮೆ ಒಂದೇ ಇರುತ್ತದೆ. ನಿಮ್ಮ ಟಿಬಿಎಂಗೆ ಹೊಂದಿಸಿದರೆ ಸಾಕು. ಆದರೆ ಪಕ್ಕದ ರಸ್ತೆಯ ಚರಂಡಿ ಮಟ್ಟ ಒಂದು ಲೆಕ್ಕದಲ್ಲಿ, ನಿಮ್ಮ ಪಾರ್ಕ್ ಇನ್ನೊಂದು ಲೆಕ್ಕದಲ್ಲಿ ಇದ್ದರೆ ನೀರು ಮೇಲಕ್ಕೆ ಹರಿಯುವ ಡ್ರಾಯಿಂಗ್ ಆಗುತ್ತದೆ. ನೋಡಿದ್ದೇನೆ.

ಕಂಪಾಸ್‌ಕಳ್ಳ

ನೀರು ಮೇಲಕ್ಕೆ ಹರಿಯುವ ಡ್ರಾಯಿಂಗ್‌ಗೆ ನಾನೇ ಸಹಿ ಹಾಕಿದ್ದೇನೆ 😂

ಚೈನ್‌ಮನ್

ಡ್ರೋನಾಚಾರ್ಯರೇ, ಒಪ್ಪಿದೆ. ಈ ಮಾತು ಎಲ್ಲರೂ ಹೇಳಿದ್ದರೆ ನನಗೆ ಮೂಗು ಮುರಿಯುವ ಕೆಲಸವೇ ಇರುತ್ತಿರಲಿಲ್ಲ.

ಹಸಿರುಗೆರೆಯವರಿಗೆ. 1 ಮೀಟರ್ ಕಾಂಟೂರಿನಲ್ಲಿ ನಿಮ್ಮ 6.3 ಮೀಟರ್ ಇಳಿತಕ್ಕೆ ಆರೇಳು ಗೆರೆ ಬಂದಿರುತ್ತವೆ. ಎರಡು ಗೆರೆಗಳ ನಡುವೆ 30 ಸೆಂಟಿಮೀಟರಿನ ಗುಂಡಿ ಇದ್ದರೂ ಕಾಣುವುದಿಲ್ಲ. ಪಾರ್ಕಿನಲ್ಲಿ ನೀರು ನಿಲ್ಲುವುದು ಅಂಥ ಗುಂಡಿಯಲ್ಲೇ. ಮರಗಳ ಬುಡ, ಹಳೆ ಕಟ್ಟಡದ ಜಾಗ, ಗೋಡೆಯ ಒಳಗೂ ಹೊರಗೂ, ಇಲ್ಲೆಲ್ಲ ಲೆವೆಲ್ ಯಂತ್ರ ಇಟ್ಟು ಸ್ಪಾಟ್ ಲೆವೆಲ್ (ಒಂದೊಂದು ಬಿಂದುವಿನ ಎತ್ತರ) ತೆಗೆಯಿರಿ. ಅರ್ಧ ದಿನದ ಕೆಲಸ.

ಹೊಸಬರು ಓದುತ್ತಿದ್ದರೆ ಲೆಕ್ಕ ಇಷ್ಟೇ. ಬಿಎಂ (ಬೆಂಚ್ ಮಾರ್ಕ್) 100.000. ಅದರ ಮೇಲೆ ಸ್ಟಾಫ್ (ಅಳತೆ ಕೋಲು) ಹಿಡಿದಾಗ 1.425 ಕಂಡರೆ ಯಂತ್ರದ ಕಣ್ಣಿನ ಎತ್ತರ 101.425. ಆಮೇಲೆ ಕೆಳಗೆ ಬೇರೆ ಜಾಗದಲ್ಲಿ ಸ್ಟಾಫ್ ಹಿಡಿದು 2.310 ಕಂಡರೆ ಆ ಜಾಗದ ಮಟ್ಟ 99.115. ಕೂಡಿಸು, ಕಳೆ. ಎಲ್ಲ ಮುಗಿದ ಮೇಲೆ ವಾಪಸ್ ಬಿಎಂಗೆ ಬರಲೇಬೇಕು. 400 ಮೀಟರ್ ಸುತ್ತಿ ಬಂದರೆ 7-8 ಮಿಲಿಮೀಟರ್ ವ್ಯತ್ಯಾಸ ಸಾಮಾನ್ಯವಾಗಿ ಒಪ್ಪುವಂಥದ್ದು. 7-8 ಸೆಂಟಿಮೀಟರ್ ಬಂದರೆ ಇನ್ನೊಂದು ಸುತ್ತು ಹೊರಡಿ.

ಹುಲ್ಲುಗರಿ

ಸರ್, ಯಂತ್ರ ಇಲ್ಲದವರು ಏನು ಮಾಡಬೇಕು? ನಾನು ಇನ್ನೂ ವಿದ್ಯಾರ್ಥಿ. ಕಾಲೇಜಿನ ಲೆವೆಲ್ ಯಾವಾಗಲೂ ಇನ್ಯಾರದೋ ಕೈಯಲ್ಲೇ ಇರುತ್ತದೆ.

ಇಳಿಜಾರು

ಪಾರದರ್ಶಕ ಪೈಪು, ನೀರು. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಮೇಸ್ತ್ರಿಗಳು ಇದರಲ್ಲೇ ಮನೆ ಕಟ್ಟುತ್ತಾರೆ.

ಚೈನ್‌ಮನ್

ಪೈಪಿನೊಳಗೆ ಗಾಳಿ ಗುಳ್ಳೆ ಇಲ್ಲ ಅಂತ ನೋಡಿಕೊಳ್ಳಿ. ಒಂದು ಗುಳ್ಳೆ ಇದ್ದರೂ ಸುಳ್ಳು ಹೇಳುತ್ತದೆ. ಅರ್ಧ ಪೈಪು ಬಿಸಿಲಲ್ಲಿ, ಅರ್ಧ ನೆರಳಲ್ಲಿ ಇಡಬೇಡಿ.

ನೆರಳುಬೆಳಕು

ಇಲ್ಲಿಯವರೆಗೆ ಎಲ್ಲ ಮಟ್ಟದ್ದೇ ಮಾತು. ಬಿಸಿಲಿನ ಶೀಟ್ ಬಗ್ಗೆ ಯಾರೂ ಕೇಳಲಿಲ್ಲ. ಹಸಿರುಗೆರೆ, ಉತ್ತರ ದಿಕ್ಕು ಹೇಗೆ ಹಾಕಿದಿರಿ?

ಹಸಿರುಗೆರೆ

ಫೋನಿನ ಕಂಪಾಸ್.

ನೆರಳುಬೆಳಕು

ಅಯ್ಯೋ. ಗೇಟಿನ ಹತ್ತಿರ ನಿಂತು ನೋಡಿದಿರಾ? ಕಬ್ಬಿಣದ ಗೇಟಾ?

ಕಾಂತದ ಉತ್ತರ ಬೇರೆ, ನಿಜವಾದ ಉತ್ತರ ಬೇರೆ. ಕೆಲವು ಊರಲ್ಲಿ ವ್ಯತ್ಯಾಸ ಒಂದು ಡಿಗ್ರಿಯೂ ಇಲ್ಲ, ಕೆಲವು ಕಡೆ ಹತ್ತು ಹದಿನೈದು ಡಿಗ್ರಿ. ಅದರ ಮೇಲೆ ಪಕ್ಕದಲ್ಲಿ ಕಬ್ಬಿಣ ಇದ್ದರೆ ಮುಳ್ಳಿಗೆ ಹುಚ್ಚು ಹಿಡಿಯುತ್ತದೆ. ಉತ್ತರ ತಪ್ಪಿದರೆ ನೆರಳಿನ ಶೀಟ್ ಪೂರ್ತಿ ತಪ್ಪು. ಗಾಳಿಯ ಶೀಟೂ ತಪ್ಪು.

ನೆರಳು ಎಷ್ಟು ಬದಲಾಗುತ್ತದೆ ಅಂತ ಲೆಕ್ಕ ಹಾಕಿದರೆ ಭಯವಾಗುತ್ತದೆ. 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ 10 ಮೀಟರ್ ಎತ್ತರದ ಗೋಡೆಯ ನೆರಳು ಡಿಸೆಂಬರ್ ಮಧ್ಯಾಹ್ನ 20 ಮೀಟರ್, ಜೂನ್ ಮಧ್ಯಾಹ್ನ 3 ಮೀಟರ್. ಒಂದೇ ಗೋಡೆ! ಕರ್ಕಾಟಕ, ಮಕರ ವೃತ್ತಗಳ ನಡುವಿನ ಊರಾದರೆ ಇನ್ನೂ ಮಜಾ. ವರ್ಷದಲ್ಲಿ ಸ್ವಲ್ಪ ದಿನ ಸೂರ್ಯ ಆ ಕಡೆ, ಉಳಿದ ದಿನ ಈ ಕಡೆ. ಎರಡು ದಿನ ಮಧ್ಯಾಹ್ನ ಕಂಬಕ್ಕೆ ನೆರಳೇ ಇಲ್ಲ. "ದಕ್ಷಿಣದ ಗೋಡೆಗೆ ವರ್ಷವಿಡೀ ಬಿಸಿಲು" ಅಂತ ಬೇರೆ ಅಕ್ಷಾಂಶಕ್ಕೆ ಬರೆದ ಪುಸ್ತಕ ನೋಡಿ ಬರೆದರೆ ಕೆಟ್ಟಿತು.

ಬೇರುಬಿಳಲು

ಮರದ ಶೀಟ್ ತೋರಿಸಿ. ಒಂದೆರಡು ಸಾಲು ಟೈಪ್ ಮಾಡಿದರೂ ಸಾಕು.

ಹಸಿರುಗೆರೆ

ಮರ 7: ವ್ಯಾಸ 188 ಸೆಂ.ಮೀ., ಎತ್ತರ 14 ಮೀ., ಸ್ಥಿತಿ ಚೆನ್ನಾಗಿದೆ.
ಮರ 8: ವ್ಯಾಸ 151 ಸೆಂ.ಮೀ., ಎತ್ತರ 12 ಮೀ., ಎಲೆ ಹಳದಿ.
ಮರ 9: ವ್ಯಾಸ 160 ಸೆಂ.ಮೀ., ಎತ್ತರ 12 ಮೀ., ಎಲೆ ಹಳದಿ, ಒಂದು ಕೊಂಬೆ ಒಣಗಿದೆ.

ಬೇರುಬಿಳಲು

188 ಸೆಂಟಿಮೀಟರ್ ವ್ಯಾಸ? 14 ಮೀಟರ್ ಎತ್ತರದ ಮರಕ್ಕೆ? ಟೇಪ್ ಸುತ್ತಿ ಅಳೆದಿರಾ?

ಹಸಿರುಗೆರೆ

ಹೌದು, ಎದೆ ಎತ್ತರದಲ್ಲಿ ಸುತ್ತಿ... ಓ. ಓಓ.

ಬೇರುಬಿಳಲು

ಅದು ಸುತ್ತಳತೆ ತಮ್ಮಾ 😄 3.14ರಿಂದ ಭಾಗಿಸಿ. 60 ಸೆಂಟಿಮೀಟರ್.

ನಗು ಬಿಡಿ, ಇದು ಸಣ್ಣ ವಿಷಯ ಅಲ್ಲ. ಬ್ರಿಟನ್ನಿನ ಬಿಎಸ್ 5837 ಮಾನದಂಡದ ಪ್ರಕಾರ ಬೇರಿನ ರಕ್ಷಣೆಗೆ ಬಿಡುವ ವೃತ್ತದ ತ್ರಿಜ್ಯ ಕಾಂಡದ ವ್ಯಾಸದ 12 ಪಟ್ಟು. 60 ಸೆಂಟಿಮೀಟರಿಗೆ 7.2 ಮೀಟರ್. ನೀವು ಬರೆದ 188 ಹಿಡಿದರೆ 22 ಮೀಟರ್ ದಾಟುತ್ತದೆ. ಅಂಥ 31 ಮರ ಹಾಕಿದರೆ ನಿಮ್ಮ ಸೈಟಿನಲ್ಲಿ ಗುದ್ದಲಿ ಇಡಲು ಜಾಗವೇ ಉಳಿಯುವುದಿಲ್ಲ. ಆ ನಿಯಮದಲ್ಲಿ ತ್ರಿಜ್ಯಕ್ಕೆ 15 ಮೀಟರ್ ಮಿತಿಯೂ ಇದೆ. ಅಳೆಯುವ ಎತ್ತರವೂ ದೇಶಕ್ಕೊಂದು. ಅವರದು 1.5 ಮೀಟರ್, ಬೇರೆ ಕಡೆ ಜಾಸ್ತಿ ಬಳಕೆ 1.3. ಯಾವುದು ಅಂತ ಶೀಟಿನಲ್ಲಿ ಬರೆಯಿರಿ.

ಹುಲ್ಲುಗರಿ

ಬೇರು ಎಲೆಗಳ ನೆರಳು ಬೀಳುವಷ್ಟು ದೂರಕ್ಕೆ ಮಾತ್ರ ಹೋಗುತ್ತದೆ ಅಂತ ಓದಿದ್ದೆ. ಹಾಗಾದರೆ ಈ 12 ಪಟ್ಟು ಯಾಕೆ?

ಬೇರುಬಿಳಲು

ಹಾಗೆ ಎಲ್ಲರೂ ಹೇಳುತ್ತಾರೆ. ಎಷ್ಟೋ ಮರಗಳ ಬೇರು ಕೊಂಬೆಯ ತುದಿ ದಾಟಿ ದೂರ ಹೋಗಿರುತ್ತದೆ. ಆಳಕ್ಕೆ ಮಾತ್ರ ಅಷ್ಟು ಹೋಗುವುದಿಲ್ಲ. ನೀರು ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಅರ್ಧ ಮೀಟರಿನಲ್ಲೇ. ಹಾಗಾಗಿಯೇ "ಸುಮ್ನೆ ಒಂದು ಅಡಿ ಮಣ್ಣು ಏರಿಸುತ್ತೇವೆ, ಮರಕ್ಕೇನೂ ಆಗಲ್ಲ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬೇರಿಗೆ ಗಾಳಿ ಸಿಗುವುದಿಲ್ಲ. ಮರ ಕೂಡಲೇ ಸಾಯುವುದಿಲ್ಲ, ಮೂರು ನಾಲ್ಕು ವರ್ಷ ಒದ್ದಾಡಿ ಸಾಯುತ್ತದೆ. ಅಷ್ಟರಲ್ಲಿ ಕಂಟ್ರಾಕ್ಟರ್ ಬಿಲ್ ತೆಗೆದುಕೊಂಡು ಹೋಗಿರುತ್ತಾನೆ.

ಹಸಿರುಗೆರೆ, ಒಂದು ಪ್ರಶ್ನೆ. 8, 9 ಹಳದಿ ಅಂತ ಬರೆದಿದ್ದೀರಿ, 7 ಚೆನ್ನಾಗಿದೆ. ಇನ್ನೂ ಯಾವುವು ಹಳದಿ? ಎಲ್ಲಿವೆ?

ಹಸಿರುಗೆರೆ

8, 9, 11, 12, 13. ಎಲ್ಲ ಒಂದೇ ಕಡೆ, ಸೈಟಿನ ನಡುವೆ. ಪಟ್ಟಿಯಲ್ಲಿ ಬರೆದೆ, ನಕ್ಷೆಯಲ್ಲಿ ಬಣ್ಣ ಹಚ್ಚಲಿಲ್ಲ.

ಮಣ್ಣುಹುಳು

ಹಳೆ ಕಟ್ಟಡ ಎಲ್ಲಿತ್ತು?

ಪದರಪದರ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಇದಕ್ಕೆ ಹಳೆ ದಾರಿ ಒಂದಿದೆಯಲ್ಲ. ಲ್ಯಾಂಡ್‌ಸ್ಕೇಪ್ ವಾಸ್ತುಶಿಲ್ಪಿ ಇಯಾನ್ ಮ್ಯಾಕ್‌ಹಾರ್ಗ್ 1969ರಲ್ಲಿ ತೋರಿಸಿದ ದಾರಿ. ಮಣ್ಣು, ನೀರು, ಇಳಿಜಾರು, ಗಿಡಮರ ಒಂದೊಂದನ್ನೂ ಪಾರದರ್ಶಕ ಹಾಳೆ ಮೇಲೆ ಬರೆದು ಒಂದರ ಮೇಲೊಂದು ಇಟ್ಟು ನೋಡುವುದು. ಎಲ್ಲಿ ಕಪ್ಪಾಗಿ ಕಾಣುತ್ತದೋ ಅಲ್ಲಿ ಕಟ್ಟಬೇಡ, ಎಲ್ಲಿ ತಿಳಿಯಾಗಿದೆಯೋ ಅಲ್ಲಿ ಕಟ್ಟು. ಇವತ್ತಿನ ಜಿಐಎಸ್ (ಕಂಪ್ಯೂಟರಿನಲ್ಲಿ ಪದರಪದರವಾಗಿ ನಕ್ಷೆ ಮಾಡುವ ವ್ಯವಸ್ಥೆ) ಮಾಡುವುದೂ ಅದನ್ನೇ. ಹಸಿರುಗೆರೆ 24 ಶೀಟುಗಳನ್ನು ಪುಸ್ತಕದ ಹಾಗೆ ಹೊಲಿದಿದ್ದಾರೆ. ಬಿಚ್ಚಿ, ಒಂದರ ಮೇಲೊಂದು ಇಡಿ.

ಚೈನ್‌ಮನ್

ಇಡಲಿ, ಆದರೆ ಅಂಕ ಕೊಟ್ಟು ಕೂಡಿಸಬೇಡಿ. ನಾನು ಕಂಡ ದೊಡ್ಡ ರೋಗ ಇದು. ಮಣ್ಣಿಗೆ 3, ಇಳಿಜಾರಿಗೆ 2, ನೋಟಕ್ಕೆ 4, ಒಟ್ಟು 9, ಹಾಗಾಗಿ ಇಲ್ಲಿ ಕಟ್ಟು! 3 ಅನ್ನುವುದು ಬರೀ ಸ್ಥಾನ. ಓಟದಲ್ಲಿ ಮೂರನೆಯವನು, ಅಡುಗೆಯಲ್ಲಿ ಎರಡನೆಯವನು, ಕೂಡಿಸಿದರೆ ಐದನೆಯವನಾ? ನೋಟ ಎಷ್ಟೇ ಚೆನ್ನಾಗಿರಲಿ, ಕೆಳಗೆ ಗ್ಯಾಸ್ ಪೈಪ್ ಇದ್ದರೆ ಕಟ್ಟುವ ಹಾಗಿಲ್ಲ, ಮುಗಿಯಿತು.

ಪದರಪದರ

ಇದನ್ನು ಒಪ್ಪುತ್ತೇನೆ. ಕಟ್ಟಲೇಬಾರದ ಜಾಗವನ್ನು ಮೊದಲು ಅಳಿಸಿ ತೆಗೆಯಬೇಕು, ಆಮೇಲೆ ಉಳಿದದ್ದರ ತುಲನೆ. ಅಂಕ ಕೊಟ್ಟರೆ ಲೆಕ್ಕದ ವೇಷ ಬರುತ್ತದೆ ಅಷ್ಟೆ.

ಕಂಪಾಸ್‌ಕಳ್ಳ

ಅಂಕ ಕೊಡದಿದ್ದರೆ ಕ್ಲೈಂಟ್ ನಂಬಲ್ಲ ಸ್ವಾಮಿ.

ಹುಲ್ಲುಗರಿ

ಚೈನ್‌ಮನ್ ಸರ್, ನಿಮ್ಮ ಹೆಸರಿನ ಅರ್ಥ ಏನು? ಸರ್ವೆಗೂ ಚೈನಿಗೂ ಏನು ಸಂಬಂಧ?

ಚೈನ್‌ಮನ್

ಸಂತೋಷ, ಇದನ್ನು ಕೇಳುವವರು ಇನ್ನೂ ಇದ್ದಾರೆ. ಎಡ್ಮಂಡ್ ಗುಂಟರ್ ಅನ್ನುವ ಇಂಗ್ಲೆಂಡಿನ ಗಣಿತದವರು 1620ರಲ್ಲಿ ಮಾಡಿದ ಸರಪಳಿ. 66 ಅಡಿ, 100 ಕೊಂಡಿ. ಹತ್ತು ಚದರ ಚೈನ್ ಸೇರಿದರೆ ಒಂದು ಎಕರೆ. ಅದನ್ನು ಹಿಡಿದು ಓಡುವ ಹುಡುಗ ಚೈನ್‌ಮನ್. ನಾನು ಶುರು ಮಾಡಿದ್ದು ಹಾಗೇ. ಬರೆಯುವುದನ್ನು ಆಮೇಲೆ ಕಲಿತೆ. ಫೀಲ್ಡ್ ಬುಕ್‌ನಲ್ಲಿ ರಬ್ಬರ್ ಹಾಕಿದರೆ ಕೈ ಮೇಲೆ ಏಟು ಬೀಳುತ್ತಿತ್ತು. ತಪ್ಪಾದರೆ ಒಂದು ಗೆರೆ ಎಳೆದು ಮೇಲೆ ಬರೆಯಬೇಕು. ಹಳೆ ಸಂಖ್ಯೆ ಕಾಣುತ್ತಿರಬೇಕು.

ಇಳಿಜಾರು

ಪೆನ್ಸಿಲ್ಲೇ ಬಳಸಿ. ಪೆನ್ನು ಮಳೆಗೆ ಕರಗುತ್ತದೆ.

ಡ್ರೋನಾಚಾರ್ಯ

ಟ್ಯಾಬ್ಲೆಟ್ ಬಳಸಿ. ಮಳೆಗೆ ಅದೂ ಕೆಡುತ್ತದೆ, ಆದರೆ ಸ್ಟೈಲಾಗಿ ಕೆಡುತ್ತದೆ.

ನೆರಳುಬೆಳಕು

ವಿಷಯಕ್ಕೆ ಬನ್ನಿ.

ಕಂಪಾಸ್‌ಕಳ್ಳ

ಹುಲ್ಲಿನ ಬಗ್ಗೆ ಒಂದು ಕತೆ ಹೇಳುತ್ತೇನೆ. ವಿಷಯಕ್ಕೆ ಸೇರಿದ್ದೇ.

ಒಂದು ಸೈಟಿನಲ್ಲಿ ಬೇಸಿಗೆಯ ಕೊನೆಗೆ ಎಲ್ಲ ಕಡೆ ಹುಲ್ಲು ಸುಟ್ಟಿತ್ತು. ಒಂದು ಮೂಲೆಯಲ್ಲಿ ಮಾತ್ರ ಹಚ್ಚ ಹಸಿರು, ಉದ್ದಕ್ಕೆ ಪಟ್ಟಿ ಎಳೆದ ಹಾಗೆ. ನಮ್ಮ ತಂಡ ಕುಣಿದಾಡಿತು. ನೆಲದೊಳಗೆ ಒರತೆ ಇದೆ, ಅದನ್ನು ಹಿಡಿದು ಕೊಳ ಮಾಡೋಣ ಅಂತ ನಾನೇ ಅನಾಲಿಸಿಸ್ ಬರೆದೆ. ಕೊಳದ ಸ್ಕೆಚ್ ಕೂಡ ಆಯಿತು. ಅಗೆದು ನೋಡಿದರೆ ನೀರಿನ ಪೈಪು ಒಡೆದಿದೆ! ಅದನ್ನು ರಿಪೇರಿ ಮಾಡಿದರು. ನಮ್ಮ ಒರತೆ ಎರಡು ವಾರದಲ್ಲಿ ಒಣಗಿತು. ಹಸಿರು ಪಟ್ಟಿ ನೇರವಾಗಿತ್ತು, ಅಷ್ಟು ನೇರಕ್ಕೆ ಒರತೆ ಎಲ್ಲಾದರೂ ಹರಿಯುತ್ತದಾ? ಅಲ್ಲೇ ಅನುಮಾನ ಬರಬೇಕಿತ್ತು.

ಮಣ್ಣುಹುಳು

ಆದರೆ ನೀವು ಮಾಡಿದ್ದು ಅನಾಲಿಸಿಸ್ಸೇ. ತಪ್ಪು ಅನಾಲಿಸಿಸ್ 😄 ಒಂದು ಗುಂಡಿ ಅಗೆದು ನೋಡಿದ್ದರೆ ಕೊಳದ ಸ್ಕೆಚ್ಚಿನ ಖರ್ಚು ಉಳಿಯುತ್ತಿತ್ತು. ಗುಂಡಿ ಅಗೆಯಲು ಯಾಕೋ ನಮ್ಮ ಜನಕ್ಕೆ ನಾಚಿಕೆ.

ಹಸಿರುಗೆರೆ ಉತ್ತರ ಕೊಡಲಿಲ್ಲ. ಕಟ್ಟಡ ಎಲ್ಲಿತ್ತು?

ಹಸಿರುಗೆರೆ

ಹಳೆ ಉಪಗ್ರಹ ಚಿತ್ರ ತೆಗೆದು ಮರದ ನಕ್ಷೆ ಮೇಲೆ ಇಟ್ಟೆ. ಹಳದಿ ಮರ ಐದೂ ಹಳೆ ಕಟ್ಟಡದ ಮೇಲ್ಗಡೆ ಅಂಚಿಗೆ ಸಾಲಾಗಿವೆ. ಮೈ ಜುಂ ಅಂತು.

ಶೀಟ್ 6 ಕಾಂಟೂರ್, ಶೀಟ್ 15 ಮರ, ಶೀಟ್ 19 ಜಾಗದ ಇತಿಹಾಸ. ಮೂರೂ ನಾನೇ ಮಾಡಿದ್ದು. ಒಟ್ಟಿಗೆ ಇಟ್ಟು ನೋಡಲೇ ಇಲ್ಲ.

ಮಣ್ಣುಹುಳು

ಎರಡು ಅನುಮಾನ. ಒಂದು, ಕೆಡವಿದ ಗಾರೆ, ಸಿಮೆಂಟು ಅಲ್ಲೇ ಮಣ್ಣಿಗೆ ಸೇರಿದೆ. ಸುಣ್ಣದ ಅಂಶದಿಂದ ಮಣ್ಣಿನ ಪಿಎಚ್ ಏರುತ್ತದೆ. 7.5 ದಾಟಿದ ಮೇಲೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಎಷ್ಟೋ ಮರಗಳಿಗೆ ಅದು ಸಿಗುವುದು ಕಷ್ಟ, ಎಲೆ ಹಳದಿ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದೆಯಾ ನೋಡಿ. ಎರಡು, ಮೇಲಿನಿಂದ ಬರುವ ನೀರಿಗೆ ಏನೋ ಅಡ್ಡ ಇದೆ, ಬೇರು ನೀರಲ್ಲಿ ಮುಳುಗಿ ಉಸಿರುಗಟ್ಟಿದೆ.

ಪರೀಕ್ಷೆ ಸುಲಭ. ಕಬ್ಬಿಣದ ಸರಳು ತೆಗೆದುಕೊಂಡು ಚುಚ್ಚುತ್ತಾ ಹೋಗಿ. ಎಷ್ಟು ಆಳಕ್ಕೆ ಠಣ್ ಅನ್ನುತ್ತದೆ ಬರೆಯಿರಿ. ಹೊಡೆಯುವ ಮೊದಲು ಅಲ್ಲಿ ಕೇಬಲ್ ಇಲ್ಲ ಅಂತ ಖಚಿತ ಮಾಡಿಕೊಳ್ಳಿ, ದಯವಿಟ್ಟು. ಆಮೇಲೆ ಮರದ ಬೇರಿನಿಂದ ದೂರ 30 ಸೆಂಟಿಮೀಟರ್ ಆಳದ ಗುಂಡಿ ತೆಗೆದು ನೀರು ತುಂಬಿಸಿ. ಇಂಗಿದ ಮೇಲೆ ಎರಡನೇ ಸಲ ತುಂಬಿಸಿ ಗಂಟೆಗೆ ಎಷ್ಟು ಇಳಿಯುತ್ತದೆ ಅಳೆಯಿರಿ. ಒಂದನೇ ಸಲದ್ದು ಲೆಕ್ಕಕ್ಕಿಲ್ಲ, ಒಣ ಮಣ್ಣು ಗಟಗಟ ಕುಡಿಯುತ್ತದೆ. 2.5 ಸೆಂಟಿಮೀಟರಿಗಿಂತ ಕಡಿಮೆ ಇಳಿದರೆ ಅಲ್ಲಿ ನೀರು ನಿಲ್ಲುವ ಸ್ವಭಾವ ಇದೆ.

ಇಳಿಜಾರು

ಮಳೆ ಬಂದಾಗ ಹೋಗಿ. ಛತ್ರಿ ಹಿಡಿದು ಸುಮ್ನೆ ನಿಂತುಕೊಳ್ಳಿ.

ಹಸಿರುಗೆರೆ

ಆರು ದಿನ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಸರಳು: ಹಳೆ ಕಟ್ಟಡದ ಜಾಗದಲ್ಲಿ ಎಲ್ಲಿ ಹೊಡೆದರೂ 35ರಿಂದ 40 ಸೆಂಟಿಮೀಟರಿಗೆ ಠಣ್. ಆಚೆ ಈಚೆ ಸಲೀಸಾಗಿ ಇಳಿಯುತ್ತದೆ. ಅಡಿಪಾಯ, ನೆಲದ ಕಾಂಕ್ರೀಟು ಹಾಗೇ ಬಿಟ್ಟು ಮೇಲೆ ಮಣ್ಣು ಎಳೆದಿದ್ದಾರೆ. ಕೆಡವಿದ ಕಾಗದದಲ್ಲಿ "ಪೂರ್ತಿ ತೆರವು" ಅಂತ ಇತ್ತು. ಅದನ್ನು ನಾನು ಹಾಗೇ ಶೀಟ್ 19ಕ್ಕೆ ಇಳಿಸಿದ್ದೆ.

ಗುಂಡಿ: ಅಂಚಿನ ಮೇಲ್ಗಡೆ ಗಂಟೆಗೆ 6 ಮಿಲಿಮೀಟರ್. ಕೆಳಗಿನ ಮೂಲೆಯಲ್ಲಿ 4 ಸೆಂಟಿಮೀಟರ್.

ಮೊನ್ನೆ ಸಂಜೆ ಜೋರು ಮಳೆ ಬಂತು, ಓಡಿದೆ. ಇಷ್ಟು ದಿನ ನಾನು ಸೈಟಿನ ಗೋಡೆಯೊಳಗೆ ಮಾತ್ರ ಅಳೆದಿದ್ದೆ. ನೀರು ಬರುತ್ತಿರುವುದು ಹೊರಗಿನಿಂದ! ಮೇಲಿನ ರಸ್ತೆ ಮತ್ತು ಅದರ ಆಚೆಯ ಸಿಮೆಂಟು ಅಂಗಳದ ನೀರು ಗೇಟಿನ ಕೆಳಗೆ ನುಗ್ಗಿ ನೇರ ನಡುವಿಗೆ ಹೋಗುತ್ತದೆ. ಅಡಿಪಾಯಕ್ಕೆ ಬಡಿದು ಆ ಐದು ಮರಗಳ ಬುಡದಲ್ಲಿ ನಿಲ್ಲುತ್ತದೆ. ಮರುದಿನ ಮಧ್ಯಾಹ್ನವೂ ಅಲ್ಲೇ ಇತ್ತು. ಸ್ಪಾಟ್ ಲೆವೆಲ್ ತೆಗೆದೆ, ಅಲ್ಲಿ 22 ಸೆಂಟಿಮೀಟರ್ ತಗ್ಗು. ಡ್ರೋನಿನ ಕಾಂಟೂರಿನಲ್ಲಿ ಸುಳಿವೇ ಇಲ್ಲ.

ಡ್ರೋನಾಚಾರ್ಯ

ಮರದ ಕೆಳಗೆ ಅಲ್ವಾ. ತೇಪೆ.

ಪದರಪದರ

ಎಷ್ಟು ನೀರು ಅಂತ ಲೆಕ್ಕ ಹಾಕಿದಿರಾ? ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಅಂದರೆ 1 ಲೀಟರ್.

ಹಸಿರುಗೆರೆ

ಹಾಕಿದೆ. ಹೊರಗಿನ ಜಾಗ ಸುಮಾರು 3000 ಚದರ ಮೀಟರ್. 40 ಮಿಲಿಮೀಟರ್ ಮಳೆಗೆ 1,20,000 ಲೀಟರ್. ಹತ್ತರಲ್ಲಿ ಎಂಟು ಪಾಲು ಹರಿದು ಬರುತ್ತದೆ ಅಂತ ಹಿಡಿದರೆ 96,000. ಇದು ನಮ್ಮ ಗೋಡೆಯ ಹೊರಗಿನಿಂದ ಬರುವುದು ಮಾತ್ರ.

ಇನ್ನೊಂದು ನೋಡಿದೆ. ಸಂಜೆ ಐದಾರು ಗಂಟೆಗೆ ಒಬ್ಬರೂ ಗೇಟಿನಿಂದ ಬರುವುದಿಲ್ಲ. ಪಕ್ಕದ ಗೋಡೆ ಒಂದು ಕಡೆ ಬಿದ್ದಿದೆ, ಅಲ್ಲಿಂದ ನುಗ್ಗಿ ಕೆಳಗಿನ ಮೂಲೆಗೆ ಅಡ್ಡ ಹೋಗುತ್ತಾರೆ. ಕಾಲುದಾರಿ ಸವೆದು ಬಿಳಿಯಾಗಿದೆ. ಬೆಳಗ್ಗೆ ಹನ್ನೊಂದಕ್ಕೆ ಹೋದವನಿಗೆ ಜನ ಎಲ್ಲಿ ಕಾಣಬೇಕು? ಕುತೂಹಲಕ್ಕೆ ಆ ಕಾಲುದಾರಿಯ ಇಳಿಜಾರು ಅಳೆದೆ. 4.8 ಪರ್ಸೆಂಟ್. ಚೈನ್‌ಮನ್ ಸರ್ ಹೇಳಿದ 20ಕ್ಕೆ 1ರ ಒಳಗೇ ಇದೆ.

ಚೈನ್‌ಮನ್

ಭಲೇ. ಕಾಲಿಗೆ ಲೆವೆಲ್ ಯಂತ್ರ ಬೇಕಾಗಿಲ್ಲ ನೋಡಿ.

ಬೇರುಬಿಳಲು

ಅಡಿಪಾಯ ಕೀಳುತ್ತೀರಾ? ಮರದ ಕಡೆಯಿಂದ ಯಂತ್ರ ತರಬೇಡಿ. ಕಾಂಕ್ರೀಟಿನ ಮೇಲೇ ಯಂತ್ರ ನಿಲ್ಲಿಸಿ ಹಿಂದಕ್ಕೆ ಹೋಗುತ್ತಾ ಕೀಳಿಸಿ. ಅಂಚಿನ ಒಂದೆರಡು ಮೀಟರ್ ಕೈಯಲ್ಲೇ.

ಮಣ್ಣುಹುಳು

ಅಥವಾ ಪೂರ್ತಿ ಕೀಳುವುದೇ ಬೇಡ. ಕೆಳಗಡೆ ಅಂಚಿನಲ್ಲಿ ಎರಡು ಕಡೆ ಒಡೆದು ನೀರಿಗೆ ದಾರಿ ಬಿಡಿ. ಅದರ ಮೇಲೆಯೇ ಜನ ಕೂರುವ ಅಂಗಳ ಮಾಡಿ. ಗಟ್ಟಿ ನೆಲ ಪುಕ್ಕಟೆ ಸಿಕ್ಕಿದೆ. ಮಣ್ಣಿನ ಪಿಎಚ್ ಮಾತ್ರ ಮರೆಯಬೇಡಿ.

ಹಸಿರುಗೆರೆ

ಅದನ್ನೇ ಬರೆದೆ. ಪಿಎಚ್ 8.1 ಬಂತು, ಅಂದರೆ ನಿಮ್ಮ ಎರಡೂ ಅನುಮಾನ ನಿಜ. 24 ಶೀಟ್ ಪಕ್ಕಕ್ಕಿಟ್ಟು ಒಂದೇ ಹಾಳೆ ಮಾಡಿದೆ. ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ, ಯಾವ ಐದು ಮರ ಕಷ್ಟದಲ್ಲಿವೆ, ಜನ ನಿಜವಾಗಿ ಎಲ್ಲಿ ನಡೆಯುತ್ತಾರೆ. ಅದರ ಪಕ್ಕ ಮೂರು ಸಲಹೆ. ಅಡಿಪಾಯದ ಮೇಲೆ ಅಂಗಳ. ರಸ್ತೆ ನೀರಿಗೆ ಗೇಟಿನ ಹತ್ತಿರವೇ ಹುಲ್ಲಿನ ಕಾಲುವೆ. ಈಗಿನ ಗೇಟು, ಕಂಬ ಎಲ್ಲ ಕಿತ್ತು ಕಾಲುದಾರಿ ಶುರುವಾಗುವ ಕಡೆ ಹೊಸ ಗೇಟು.

ಸೀನಿಯರ್ ಓದಿದರು. ಈ ಸಲ ಕೆಂಪು ಪೆನ್ನು ತೆಗೆಯಲಿಲ್ಲ. "ಹಳೆ 24 ಶೀಟ್ ಬಿಸಾಡಬೇಡ, ಹಿಂದೆ ಸೇರಿಸು" ಅಂದರು. ಕಂಟ್ರಾಕ್ಟರ್ ಸೋಮವಾರ ಶುರು ಮಾಡುತ್ತಾರೆ, ಮೊದಲು ಗೇಟು ತೆಗೆಯುವುದು. ಎಲ್ಲರಿಗೂ ಥ್ಯಾಂಕ್ಸ್ 🙏

ಹುಲ್ಲುಗರಿ

ಸೂಪರ್! ಆ ಒಂದು ಹಾಳೆ ಇಲ್ಲಿ ಹಾಕಿ ಪ್ಲೀಸ್.

ಚೈನ್‌ಮನ್

ಒಂದು ನಿಮಿಷ. ನಿಮ್ಮ ಟಿಬಿಎಂ ಎಲ್ಲಿದೆ ಅಂದಿರಿ?

ಹಸಿರುಗೆರೆ

ಗೇಟಿನ ಕಂಬದ ಬುಡದ ಕಲ್ಲಿನ

ಹಸಿರುಗೆರೆ

ಅಯ್ಯೋ.

ಚೈನ್‌ಮನ್

ಇವತ್ತು ಶನಿವಾರ. ನಾಳೆ ಬೆಳಗ್ಗೆ ಲೆವೆಲ್ ತೆಗೆದುಕೊಂಡು ಹೋಗಿ, ಕೆಲಸ ಮುಗಿಯುವವರೆಗೆ ಯಾರೂ ಮುಟ್ಟದ ಕಡೆ ಇನ್ನೆರಡು ಗುರುತು ಮಾಡಿ. ಎರಡು, ಒಂದಲ್ಲ. ವಾಪಸ್ ಕಲ್ಲಿಗೆ ಬಂದು ಕ್ಲೋಸ್ ಮಾಡಿ. ಕಲ್ಲು ಇರುವಾಗಲೇ.

ಇಳಿಜಾರು

ಛತ್ರಿ ಮರೆಯಬೇಡಿ.